ರೇಡಿಯೋ ಸುಮ್ಮನಾದದ್ದು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ರೇಡಿಯೋ. ಕ್ಷೌರದ ಅಂಗಡಿಯ ಬಾಗಿಲು ತೆಗೆದಾಗ ಶುರುವಾದ ಮಾತು ಬಾಗಿಲು ಹಾಕುವವರೆಗೆ ನಿಲ್ಲುತ್ತಿರಲಿಲ್ಲ. ಯಾರ ಮದುವೆ ಮುರಿಯಿತು, ಯಾರ ಅಳಿಯ ಕೆಲಸ ಬಿಟ್ಟು ಬಂದು ಮಾವನ ಮನೆಯಲ್ಲಿ ಕಾಲು ಚಾಚಿದ, ಎಲ್ಲವೂ ಕ್ಷೌರದ ಜೊತೆಗೆ ಪುಕ್ಕಟೆ. ಗುಟ್ಟಿದ್ದವರು ಅವನ ಕುರ್ಚಿಯಲ್ಲಿ ಕೂತರೆ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ನಟಿಸುತ್ತಿದ್ದರು. "ಇವನ ಹೊಟ್ಟೇಲಿ ಅನ್ನ ನಿಲ್ಲುತ್ತೆ, ಮಾತು ನಿಲ್ಲಲ್ಲ" ಎಂದು ಅವನ ಅಕ್ಕನೇ ನಗುತ್ತಿದ್ದಳು.

ಶಾಲೆಯ ಸಮಿತಿಗೆ ಪೋಷಕರ ಕಡೆಯಿಂದ ಒಬ್ಬರನ್ನು ಕಳಿಸುವ ಹೊತ್ತು ಬಂದಾಗ ಬೀದಿಯವರು ಅವನನ್ನು ಆರಿಸಿದ್ದು ಇದೇ ಗುಣ ನೋಡಿ. ಆ ಸಮಿತಿ ಕದ ಹಾಕಿಕೊಂಡು ಕೂರುತ್ತಿತ್ತು. ಆಟದ ಬಯಲಿನ ಅರ್ಧಕ್ಕೆ ಬೇಲಿ ಬಿದ್ದದ್ದು ಜನರಿಗೆ ಗೊತ್ತಾಗಿದ್ದು ಬೇಲಿ ಬಿದ್ದ ಮೇಲೆ. ಸಂಗೀತದ ಟೀಚರ್ ಹೋದದ್ದು ಗೊತ್ತಾಗಿದ್ದು ಅವರು ಊರು ಬಿಟ್ಟ ಮೇಲೆ. ಕೇಳಿದರೆ "ಸಮಿತಿಯಲ್ಲಿ ತೀರ್ಮಾನ ಆಗಿದೆ" ಎಂಬ ಒಂದೇ ಉತ್ತರ.

"ರೇಡಿಯೋನ ಕಳ್ಸೋಣ" ಎಂದ ಇಸ್ತ್ರಿ ಅಂಗಡಿಯವನು. "ಅಲ್ಲಿ ಆಡಿದ ಮಾತು ಸಂಜೆಯೊಳಗೆ ನಮ್ಮ ಕಿವಿಗೆ ಬೀಳುತ್ತೆ. ಬೀಳದೇ ಇರೋಕೆ ಇವನ ಕೈಲೇ ಸಾಧ್ಯ ಇಲ್ಲ."

ಎಲ್ಲರೂ ನಕ್ಕರು, ಎಲ್ಲರೂ ಕೈ ಎತ್ತಿದರು. ರೇಡಿಯೋಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ಅಕ್ಕನ ತಂದೆಯಿಲ್ಲದ ಮಗಳಿಗೆ ಶಾಲೆಯ ಲೆಕ್ಕದಲ್ಲಿ ಪೋಷಕ ಅವನೇ.

ಆ ಹುಡುಗಿ ಪುಟ್ಟಿ. ಅವಳ ಕಣ್ಣಿಗೆ ಬೆಳಕು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು, ಶಾಲೆ ತೆರೆಯುವ ಬಹಳ ಮೊದಲೇ ಕೆಲಸಕ್ಕೆ ಹೋಗಬೇಕಿತ್ತು. ಅದಕ್ಕೆಂದೇ ಶಾಲೆಯಿದ್ದ ಸಾಲಿನಲ್ಲಿ ಮನೆ ಹಿಡಿದಿದ್ದಳು. ಪುಟ್ಟಿ ಹೊಸ್ತಿಲು ದಾಟಿ ಎಡಗೈ ಗೋಡೆಗೆ ತಾಗಿಸಿದರೆ ಆಯಿತು. ಮೊದಲು ಒರಟು ಸಿಮೆಂಟು, ಆಮೇಲೆ ಗೋದಾಮಿನ ತಗಡಿನ ಬಾಗಿಲು, ಆಮೇಲೆ ಬೆಚ್ಚಗಿನ ಬೇಕರಿ ಗೋಡೆ, ಅದು ಮುಗಿದಲ್ಲಿ ಶಾಲೆಯ ಗೇಟು. ಯಾರ ಕೈಯನ್ನೂ ಹಿಡಿಯದೆ ಅವಳೊಬ್ಬಳೇ ಹೋಗುತ್ತಿದ್ದಳು. ಇಡೀ ಲೋಕದಲ್ಲಿ ಅಕ್ಕನಿಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ.

ಸಮಿತಿಯ ಅಧ್ಯಕ್ಷರು ಔಷಧಿ ಅಂಗಡಿಯ ಯಜಮಾನರು, ನಯವಾದ ಮಾತಿನವರು. ಚಳಿ ಬಿಡುವ ಹೊತ್ತಿಗೆ ಒಂದು ಸಭೆಯಲ್ಲಿ ಅವರು ವಿಷಯ ತೆಗೆದರು. ಮಕ್ಕಳು ಕಡಿಮೆಯಾಗಿದ್ದಾರೆ, ಈ ಶಾಲೆಯನ್ನು ಮುಚ್ಚಿ ಹೆದ್ದಾರಿಯ ಆಚೆಗಿನ ದೊಡ್ಡ ಶಾಲೆಗೆ ಸೇರಿಸೋಣ ಎಂದರು. ಒಪ್ಪಿದವರು ಕೈ ಎತ್ತಿದರು. ರೇಡಿಯೋ ಎತ್ತಲಿಲ್ಲ.

"ಜನರನ್ನ ಒಂದು ಮಾತು ಕೇಳ್ಬೇಡ್ವಾ ಸಾರ್?" ಎಂದ.

"ಕೇಳೇ ಕೇಳ್ತೀವಿ. ಎಲ್ಲರನ್ನೂ ಸೇರಿಸಿ ಸಭೆ ಇಡ್ತೀವಿ. ಅಲ್ಲೀವರೆಗೂ ಇದು ಹೊರಗೆ ಹೋಗ್ಬಾರ್ದು, ಜನ ಸುಮ್ನೆ ಗಾಬರಿ ಆಗ್ತಾರೆ." ಅಧ್ಯಕ್ಷರು ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ನಿಮ್ಮ ಬಗ್ಗೆ ಜನ ಏನೇನೋ ಆಡ್ಕೋತಾರೆ. ನಾನು ನಂಬಲ್ಲ. ನೀವು ಘನತೆ ಇರೋ ಮನುಷ್ಯರು. ನಿಮ್ಮನ್ನ ನಂಬಿ ಹೇಳ್ತಿದೀನಿ."

ಹೊಗಳಿ ಹೊನ್ನಶೂಲಕ್ಕೇರಿಸುವುದು ಅಂದರೆ ಇದೇ. ಹುಟ್ಟಿದಾಗಿನಿಂದ ಅವನನ್ನು ಯಾರೂ ಗುಟ್ಟಿಗೆ ನಂಬಿರಲಿಲ್ಲ, 'ಘನತೆ' ಎಂಬ ಮಾತು ಅವನ ಅಂಗಡಿಯ ಕಡೆ ಸುಳಿದಿರಲೂ ಇಲ್ಲ. ಪಾಪದವನು ಉಬ್ಬಿಹೋದ. ಹೇಗೂ ಜನರನ್ನು ಕೇಳುತ್ತಾರಲ್ಲ, ಆಗ ಎಲ್ಲ ಸರಿಹೋಗುತ್ತದೆ ಅಂದುಕೊಂಡ. ಅವನ ಕೈಯೂ ಮೇಲೆ ಹೋಯಿತು.

ಬಾಯಿಗೆ ಬೀಗ ಬಿದ್ದದ್ದನ್ನು ಬೀದಿ ಬೇಗನೆ ಗಮನಿಸಿತು. "ಏನಪ್ಪ, ಬ್ಯಾಟರಿ ಹೋಯ್ತಾ?" ಎಂದು ಇಸ್ತ್ರಿಯವನು ಕೆಣಕಿದ. ರೇಡಿಯೋ ನಕ್ಕು ಹವಾಮಾನದ ಮಾತಿಗೆ ಹಾರಿದ. ಮೊದಮೊದಲು ಅದರಲ್ಲೊಂದು ಸುಖವಿತ್ತು. ಆಮೇಲೆ ಪುಟ್ಟಿ ಅಂಗಡಿಯ ಎದುರು ಸಾಲಿನ ಗೋಡೆ ಸವರುತ್ತ ಹಾದುಹೋಗುವಾಗ ಅವನು ಬೇಕೆಂದೇ ಬೆನ್ನು ತಿರುಗಿಸಿ ಕತ್ತಿ ಮಸೆಯಲು ಶುರುಮಾಡಿದ. ಅವಳಿಗೆ ಅವನ ಮುಖ ಕಾಣುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ಅವನಿಗೆ ನೆನಪಾಗುತ್ತಿರಲಿಲ್ಲ.

ಬೇಸಿಗೆಯ ಮೊದಲಿಗೆ ಗೇಟಿನ ಮೇಲೆ ಚೀಟಿ ಅಂಟಿಸಿದರು: ಶಾಲೆಯ ಭವಿಷ್ಯದ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಲಾಗುವುದು. ಅಂದು ಸಂಜೆಯೇ ಅಕ್ಕ ಅಂಗಡಿಗೆ ಬಂದಳು. ಸೋಪಿನ ನೀರಿನಲ್ಲಿ ನೆನೆದು ಬೆಳ್ಳಗಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು.

"ಒಳಗೆ ಏನಾದ್ರೂ ತೀರ್ಮಾನ ಆಗೋಗಿದ್ಯೇನೋ?"

ಅವನು ಬ್ರಷ್ ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆದ. "ಇಲ್ಲಕ್ಕ. ಜನ ಹೇಳಿದ್ದನ್ನ ಕೇಳ್ತಾರೆ."

"ಹಂಗಾದ್ರೆ ನಾನೂ ಮಾತಾಡ್ತೀನಿ" ಎಂದಳು. ಮೂರು ಜನರ ಮುಂದೆ ಬಾಯಿ ಬಿಡದ ಹೆಂಗಸು ಅವಳು.

ರಜೆಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು, ಅದರ ಮೇಲೆ ಪುಟ್ಟಿಯನ್ನು ಕೂರಿಸಿದ್ದರು.

"ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ಶಾಲೆಗೆ ಒಬ್ಬಳೇ ಬರ್ತಾಳೆ..." ಅಲ್ಲಿಗೆ ನಿಲ್ಲಿಸಿ ನೆಲ ನೋಡಿದಳು.

"ಇನ್ನೊಂದ್ಸಲ ಅಮ್ಮ" ಎಂದಳು ಪುಟ್ಟಿ.

"ನೆಲ ನೋಡ್ಬೇಡಕ್ಕ, ಎದುರಿಗೆ ನೋಡು" ಎಂದ ರೇಡಿಯೋ. ಅವಳು ಕತ್ತೆತ್ತಿದಳು. ಕನ್ನಡಿಯಲ್ಲಿ ಎದುರಿಗೆ ಸಿಕ್ಕಿದ್ದು ತಮ್ಮನ ಮುಖವೇ. ಅದನ್ನೇ ನೋಡುತ್ತ ಪೂರ್ತಿ ಹೇಳಿ ಮುಗಿಸಿದಳು, ತಪ್ಪಿಲ್ಲದೆ. ಹೇಳಿಬಿಡಲೇ ಎಂದು ಅವನ ನಾಲಿಗೆ ತುದಿಗೆ ಬಂದಿತ್ತು. ಬಂದದ್ದನ್ನು ನುಂಗಿಕೊಂಡು, "ಚೆನ್ನಾಗಿದೆ ಅಕ್ಕ" ಎಂದ. ಆ ಹೊತ್ತಿಗಾದರೂ ಬಾಯಿ ಬಿಟ್ಟಿದ್ದರೆ ಇಷ್ಟು ಕಥೆ ಇರುತ್ತಿರಲಿಲ್ಲ.

ಸಭೆಯ ದಿನ ದೊಡ್ಡ ಕೋಣೆ ತುಂಬಿತ್ತು. ದೊಡ್ಡವರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಮುಂದೆ ಮೇಜಿನ ಹಿಂದೆ ಸಮಿತಿ, ಅದರ ಕೊನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ರೇಡಿಯೋ. ಅಕ್ಕನ ಸರದಿ ಬಂತು. ಅವಳು ನೆಲ ನೋಡಲಿಲ್ಲ. ಸಿಮೆಂಟು, ತಗಡು, ಬೆಚ್ಚಗಿನ ಗೋಡೆ, ಗೇಟು ಎಂದು ಮಗಳ ದಾರಿಯನ್ನು ಒಂದೊಂದಾಗಿ ಹೇಳಿದಳು. "ಅವಳ ಕಣ್ಣು ಇರೋದು ಈ ಗೋಡೇಲಿ. ಹೆದ್ದಾರೀಲಿ ಗೋಡೆ ಇಲ್ಲ ಸಾರ್" ಎಂದು ಕೂತಳು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗೊರೆಸಿಕೊಂಡರು. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಅಧ್ಯಕ್ಷರೂ ಚಪ್ಪಾಳೆ ತಟ್ಟಿದರು. ಆಮೇಲೆ ಎದ್ದು, ಎಲ್ಲರಿಗೂ ಧನ್ಯವಾದ ಎಂದರು. ಶಾಲೆಯನ್ನು ಸೇರಿಸುವ ಬಗ್ಗೆ ಚಳಿಗಾಲದ ಸಭೆಯಲ್ಲೇ ಸರ್ವಾನುಮತದಿಂದ ತೀರ್ಮಾನವಾಗಿದೆ, ಅದನ್ನು ತಿಳಿಸಲು ವಿಷಾದವಾಗುತ್ತದೆ ಎಂದರು.

ಅಕ್ಕ ಮತ್ತೆ ಎದ್ದು ನಿಂತಳು. ಈ ಸಲದ ಮಾತಿಗೆ ಅಭ್ಯಾಸ ಆಗಿರಲಿಲ್ಲ. "ಹಂಗಾದ್ರೆ ನಮ್ಮ ಆಸ್ಪತ್ರೆ ಹಿಂದಿನ ಶಾಲೆಗಾದ್ರೂ ಹಾಕಿಸ್ಕೊಡಿ ಸಾರ್. ಕೆಲಸಕ್ಕೆ ಹೋಗ್ವಾಗ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಬೇಗ ಬಂದ್ರೆ ಕೂರಿಸ್ಕೋತಾರಂತೆ."

"ಅಲ್ಲಿ ಭರ್ತಿಯಾಗಿದೆಯಮ್ಮ. ಹೋದ ತಿಂಗಳವರೆಗೂ ಜಾಗ ಇತ್ತು."

"ಇತ್ತು, ಇತ್ತು" ಎಂದ ಹಿಂದಿನಿಂದ ಇಸ್ತ್ರಿಯವನು. "ನಿಮ್ಮ ಮೊಮ್ಮಗ ಅಲ್ಲಿಗೇ ಸೇರಿದಾನಲ್ಲ. ಉಪಾಧ್ಯಕ್ಷರ ತಂಗಿ ಮಕ್ಕಳೂ ಅಲ್ಲೇ. ಎಲ್ಲರ ಸಮವಸ್ತ್ರಾನೂ ಇಸ್ತ್ರಿಗೆ ನನ್ನ ಹತ್ರಾನೇ ಬರುತ್ತೆ. ಯಾಕೆ ಶಾಲೆ ಬದಲಾಯಿಸಿದ್ರೋ ಅಂದ್ಕೊಂಡಿದ್ದೆ."

ರೇಡಿಯೋ ಮೇಜಿನುದ್ದಕ್ಕೂ ಒಬ್ಬೊಬ್ಬರ ಮುಖ ನೋಡಿದ. ಆ ಮೇಜಿನ ಹಿಂದೆ ಕೂತವರೆಲ್ಲ ತಂತಮ್ಮ ಮನೆಯವರಿಗೆ ಹೇಳಿಕೊಂಡಿದ್ದರು. ಗುಟ್ಟು ಕಾಪಾಡಿದವನು ಇಡೀ ಸಮಿತಿಯಲ್ಲಿ ಒಬ್ಬನೇ. ಹೊಟ್ಟೆಯಲ್ಲಿ ಮಾತು ನಿಲ್ಲದವನು.

ಕೂಗಾಟ ಶುರುವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೂಗಾಟ. ಅಕ್ಕ ಕೂಗಲಿಲ್ಲ. ಮೇಜಿನ ಕೊನೆಗೆ ಬಂದು ತಮ್ಮನ ಎದುರು ನಿಂತಳು.

"ಸರ್ವಾನುಮತ ಅಂದ್ರೆ ಎಲ್ಲರೂ ಅಲ್ವೇನೋ?"

ಅವನು ಹೌದೆಂದು ತಲೆ ಆಡಿಸಿದ.

"ಮಾತು ನಿಲ್ಲಲ್ಲ ಅಂತಾನೇ ನಿನ್ನ ಕಳ್ಸಿದ್ವಿ" ಎಂದಳು. ದನಿ ಎತ್ತರಿಸಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಹೆದ್ದಾರಿ ದಾಟಿಸಲು ಮಗಳನ್ನು ತಮ್ಮನ ಕೈಗೆ ಒಪ್ಪಿಸುವ ಮನಸ್ಸು ಅಕ್ಕನಿಗೆ ಇರಲಿಲ್ಲ. ಪುಟ್ಟಿಗೆ ಉಳಿದದ್ದು ಒಂದೇ ದಾರಿ, ದೂರದ ಊರಿನ ಅಂಧ ಮಕ್ಕಳ ವಸತಿ ಶಾಲೆ. ಅಲ್ಲಿ ಕೂದಲು ಗಿಡ್ಡವಾಗಿರಬೇಕಂತೆ. ಹೊರಡುವ ಹಿಂದಿನ ದಿನ ಅಕ್ಕ ಅವಳನ್ನು ಅಂಗಡಿಗೆ ಕರೆತಂದಳು. ಸಭೆಯ ನಂತರ ಅವಳು ಈ ಕಡೆ ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತಳು.

ರೇಡಿಯೋ ಹಲಗೆ ಇಟ್ಟ. ಪುಟ್ಟಿ ತಡಕದೆ ಹತ್ತಿ ಕೂತಳು. ಅವನು ಜಡೆ ಬಿಚ್ಚತೊಡಗಿದ.

"ಮಾವ, ಇವತ್ತು ಸುದ್ದಿ ಏನೂ ಇಲ್ವಾ?"

"ಇಲ್ಲ ಪುಟ್ಟಿ."

ಅವನು ಕತ್ತರಿ ಎತ್ತಿಕೊಂಡ. ಆಮೇಲೆ ಅವಳು ಅವನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡಳು. "ನಿಂಗೊಂದು ಗುಟ್ಟು ಹೇಳ್ತೀನಿ. ನೀನು ಯಾರಿಗೂ ಹೇಳಲ್ಲ ಅಂತ ಎಲ್ಲರೂ ಹೇಳ್ತಿದಾರಲ್ಲ. ಅಮ್ಮನ ಹತ್ರ ನಾನು ಖುಷಿಯಾಗಿ ಹೋಗ್ತೀನಿ ಅಂದಿದೀನಿ. ನಂಗೆ ಹೋಗೋಕೆ ಇಷ್ಟ ಇಲ್ಲ ಮಾವ. ಅಲ್ಲಿ ಗೋಡೆ ಯಾವುದೂ ನಂಗೆ ಗೊತ್ತಿಲ್ಲ. ಅಮ್ಮಂಗೆ ಹೇಳ್ಬೇಡ, ಆಯ್ತಾ?"

ಅವನು ಆಯ್ತು ಎಂದ. ಉಳಿದ ಕೂದಲನ್ನು ಹೇಗೆ ಕತ್ತರಿಸಿದನೋ ಅವನಿಗೇ ತಿಳಿಯದು. ಬಟ್ಟೆ ಕೊಡವಿ ಅವಳನ್ನು ಇಳಿಸಿ, ಮೆಟ್ಟಿಲವರೆಗೆ ಕರೆದುಕೊಂಡು ಹೋದ. ಅಕ್ಕ ಮಗಳ ಕೈ ಹಿಡಿದು ತಿರುಗಿದಳು. ಇನ್ನೊಂದು ಕೈ ಮಾವನ ಕೈಯಲ್ಲೇ ಇತ್ತು. ಈ ಸಲವೂ ಸುಮ್ಮನಿದ್ದರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು ಅವನಿಗೆ.

"ಅಕ್ಕ, ಅವಳಿಗೆ ಹೋಗೋಕೆ ಇಷ್ಟ ಇಲ್ಲ. ನಿನ್ನ ಮುಂದೆ ಸುಳ್ಳು ಹೇಳ್ತಿದಾಳೆ."

ಪುಟ್ಟಿ ಅವನ ಅಂಗೈಯಿಂದ ತನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

ಅಕ್ಕ ಅವನನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಇದು ನಂಗೆ ಗೊತ್ತಿತ್ತು ಕಣೋ" ಎಂದಳು. "ಗೊತ್ತಿಲ್ದೇ ಇದ್ದಿದ್ದು ಇನ್ನೊಂದು."

ತಾಯಿ ಮಗಳು ಮನೆಯ ಕಡೆ ನಡೆದರು. ಪುಟ್ಟಿಯ ಎಡಗೈ ತಾಯಿಯ ಕೈಯಲ್ಲಿತ್ತು. ಗೋಡೆ ಮುಟ್ಟಲು ಆ ಕೈ ಖಾಲಿ ಇರಲಿಲ್ಲ.