ಬೀರುವಿನ ಹಿಂದಿನ ಗೆರೆ

ಚಂಡಮಾರುತ ಬಂದು ಹೋಗಿತ್ತು. ಉಕ್ಕಿದ ಹೊಳೆ ಕರೆಯದ ನೆಂಟನ ಹಾಗೆ ಬೀದಿಗೆ ನುಗ್ಗಿ, ನೇರ ಅಡುಗೆಮನೆಯವರೆಗೂ ಹೋಗಿ ಕೂತು, ತನಗೆ ಸಾಕೆನಿಸಿದಾಗ ಎದ್ದು ಹೋಗಿತ್ತು. ಹೋಗುವಾಗ ಎಲ್ಲರ ಮನೆಯ ಗೋಡೆಯ ಮೇಲೂ ಎದೆಮಟ್ಟಕ್ಕೆ ಒಂದು ಕೆಸರಿನ ಗೆರೆ ಎಳೆದಿತ್ತು.

ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಿಂದ ಜನ ಮರಳಿ ಬಂದರು. ಎಲ್ಲರೂ ಕೆಸರು ಬಾಚಲು ಗುದ್ದಲಿ ಹುಡುಕಿದರೆ, ಗೋಡೆಗೆ ಬಣ್ಣ ಬಳಿಯುವ ಕೆಲಸದ ಬಣ್ಣದಣ್ಣ ಬ್ರಶ್ ಹುಡುಕಿದ. ಅಟ್ಟದ ಮೇಲಿಟ್ಟಿದ್ದ ಬಿಳಿ ಬಣ್ಣದ ಡಬ್ಬಿಗಳು ನೀರಿಗೆ ಸಿಕ್ಕಿರಲಿಲ್ಲ. ಗೆರೆ ನೋಡಿದರೆ ಅವನ ಮೈ ಉರಿಯುತ್ತಿತ್ತು. ಬಣ್ಣ ಬಳಿಯುವವನ ಮನೆಯ ಗೋಡೆಯೇ ಹೀಗಿದ್ದರೆ ನಾಳೆ ಕೆಲಸಕ್ಕೆ ಕರೆಯುವವರು ಯಾರು? ಕೆಸರು ತೊಳೆದ, ಒಳಗೂ ಹೊರಗೂ ಎರಡು ಕೈ ಬಣ್ಣ ಬಳಿದ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಅವನ ಮನೆಯೊಂದೇ ಮದುವೆಮನೆಯ ಹಾಗೆ ಕಾಣುತ್ತಿತ್ತು.

ಹೆಂಡತಿಗೆ ಇದು ಸರಿಬರಲಿಲ್ಲ. ಹಿಂದಿನ ಕೋಣೆಯ ಮಣ್ಣಿನ ಗೋಡೆ ಹೊಟ್ಟೆ ಬಿಟ್ಟಿದೆ, ಅತ್ತೆಯ ಮಂಚ ಅದಕ್ಕೇ ಒತ್ತಿಕೊಂಡಿದೆ, ಯಾರಿಗಾದರೂ ತೋರಿಸೋಣ ಎಂದಳು. ಅಜ್ಜನ ಕಾಲದ ಗೋಡೆ, ಇಂಥ ಮಳೆ ಎಷ್ಟು ನೋಡಿದೆಯೋ ಎಂದು ಅವನು ಬ್ರಶ್ ತೊಳೆಯುತ್ತಾ ಕೂತ. ಹಸಿ ಗೋಡೆಗೆ ಬಣ್ಣ ನಿಲ್ಲುವುದಿಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ಅವನೇ.

ಮರುದಿನ ಬೆಳಿಗ್ಗೆ ದರ್ಜಿ ಅಕ್ಕ ಬಂದಳು. ಬೀದಿಯ ಮಹಿಳಾ ಸಂಘದ ಕೆಲಸ ನೋಡಿಕೊಳ್ಳುವವಳು ಅವಳು. ಅವಳ ಹೊಲಿಗೆ ಯಂತ್ರವೂ ನೀರು ಕುಡಿದಿತ್ತು, ಆದರೆ ಅವಳು ಅದನ್ನು ಹೊರಗೆ ಹಾಕಿರಲಿಲ್ಲ. ಸರ್ಕಾರದ ನೆರವು ಕೊಡಲು ಹಾನಿ ನೋಡುವ ಇಂಜಿನಿಯರ್ ಬರುತ್ತಾರೆ, ಅವರು ನೋಡುವವರೆಗೆ ಒಡೆದದ್ದು, ಕೊಳೆತದ್ದು ಯಾವುದನ್ನೂ ಎಸೆಯಬೇಡಿ, ಇದ್ದದ್ದು ಇದ್ದ ಹಾಗೆ ಫೋಟೋ ತೆಗೆದಿಡಿ ಎಂದು ಮನೆಮನೆಗೆ ಹೇಳುತ್ತಾ ಬಂದಿದ್ದಳು. ಬಣ್ಣದಣ್ಣನ ಗೋಡೆ ನೋಡಿ ಅಲ್ಲೇ ನಿಂತಳು.

"ಏನು ತಮ್ಮಾ, ಹೊಳೆ ನಿಮ್ಮ ಮನೆಗೆ ಮಾತ್ರ ಬರಲೇ ಇಲ್ವಾ?"

"ಬಂದಿತ್ತು ಅಕ್ಕ. ನಾನೇ ಅಳಿಸಿದೆ."

"ಫೋಟೋ?"

ಅವನು ತಲೆ ಕೆರೆದುಕೊಂಡ. ಆಮೇಲೆ ಮೊಂಡು ಹಿಡಿದ. ಬರ್ತಾರೆ, ನೋಡ್ತಾರೆ, ತಲೆ ಆಡಿಸ್ತಾರೆ, ಹೋಗ್ತಾರೆ, ಅವರನ್ನು ನಂಬಿ ಕೂತರೆ ಗೋಡೆಯಲ್ಲಿ ಪಾಚಿ ಬೆಳೆಯುತ್ತದೆ ಎಂದ. ತಲೆ ಆಡಿಸುವುದಕ್ಕಾದರೂ ಕಣ್ಣೆದುರು ಏನಾದರೂ ಬೇಡವೇ ಎಂದು ಅಕ್ಕ ಕೇಳಿದಳು. ಆಗ ಅವನು ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟ.

"ಕೈ ಚಾಚೋದು ನನಗಾಗಲ್ಲ ಅಕ್ಕ. ದುಡಿದು ತಿನ್ನೋ ಕೈ ಇದು."

"ಮನೆಗೆ ಬೆಂಕಿ ಬಿದ್ದಾಗ ಪಕ್ಕದವರು ತಂದ ಬಿಂದಿಗೆ ನೀರು ಭಿಕ್ಷೆನಾ? ಇದೂ ಹಾಗೇ. ನೀನೂ ಕೊಟ್ಟಿರೋ ತೆರಿಗೆ, ನಿನಗೆ ಬರೋ ನೆರವು. ಬೇಡ ಅನ್ನೋದಾದ್ರೆ ನಿನ್ನ ಪಾಲಿಗೆ ಅನ್ನು. ನಿಮ್ಮಮ್ಮ ಪಕ್ಕದಲ್ಲಿ ಮಲಗೋ ಗೋಡೆಗೆ ಅನ್ನಬೇಡ."

ಅಷ್ಟರಲ್ಲಿ ರೇಡಿಯೋದಲ್ಲಿ ಇನ್ನೊಂದು ಮಳೆಯ ಮುನ್ಸೂಚನೆ ಬಂತು.

ಮಧ್ಯಾಹ್ನದ ಮೊದಲೇ ಇಂಜಿನಿಯರ್ ಬಂದರು. ಕೆಸರು ತುಂಬಿದ ಬೂಟು, ಕೈಯಲ್ಲಿ ಅಳತೆ ಪಟ್ಟಿ. ಬೇರೆ ಮನೆಗಳಲ್ಲಿ ಗೆರೆಗೆ ಪಟ್ಟಿ ಹಿಡಿದು ಬರೆದುಕೊಂಡರು. ಇಲ್ಲಿ ಹಿಡಿಯಲು ಗೆರೆಯೇ ಇರಲಿಲ್ಲ. ನಮ್ಮನೆಯಷ್ಟೇ ನೀರು ಇಲ್ಲಿಗೂ ಬಂದಿತ್ತು ಎಂದು ಎದುರುಮನೆಯವರು ಹೇಳಿದರು, ದರ್ಜಿ ಅಕ್ಕನೂ ಹೇಳಿದಳು. ಇಂಜಿನಿಯರ್ ಒಳ್ಳೆಯವರೇ. ನಾಲ್ಕು ಜನರ ಮಾತು ಬರೆದುಕೊಳ್ಳುತ್ತೇನೆ, ಆದರೆ ಹಿಂದಿನ ಗೋಡೆಯ ಉಬ್ಬು ಹಳೆಯದೋ ಹೊಸದೋ ಈ ಬಣ್ಣದಡಿ ತಿಳಿಯುವುದಿಲ್ಲ, ಎಷ್ಟು ಪೆಟ್ಟಾಗಿದೆ ಎನ್ನುವುದನ್ನು ಕಣ್ಣಾರೆ ನೋಡದೆ ಹೇಗೆ ಬರೆಯಲಿ ಎಂದರು.

ಬಣ್ಣದಣ್ಣ ತನ್ನ ಬಿಳಿ ಗೋಡೆಯನ್ನು ನೋಡಿದ. ತಾನು ನೀಟಾಗಿ ಮಾಡಿದ ಕೆಲಸವೇ ತನಗೆ ಮುಳುವಾಗಿದ್ದು ಅವನ ಬದುಕಿನಲ್ಲಿ ಇದೇ ಮೊದಲು. ಹೆಂಡತಿ ಮಾತ್ರ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಆ ಮಣ್ಣಿನ ಗೋಡೆಗೆ ಒರಗಿಸಿಟ್ಟಿದ್ದ ಬೀರುವನ್ನೇ ನೋಡುತ್ತಿದ್ದಳು.

"ಸಾರ್, ಇವರು ಬೀರುವಿನ ಹಿಂದೆ ಬಣ್ಣ ಬಳಿಯೋರಲ್ಲ," ಎಂದಳು. "ಯಾರ ಮನೇಲೂ ಬಳಿದಿಲ್ಲ."

ಊರಿಗೆಲ್ಲ ಗೊತ್ತಿದ್ದ ಗುಟ್ಟದು. ಬೀರುವಿನ ಹಿಂದೆ ಯಾರು ಇಣುಕುತ್ತಾರೆ ಎಂದು ಬ್ರಶ್ಶನ್ನು ಅಂಚಿಗೇ ನಿಲ್ಲಿಸುವುದು ಅವನ ಹಳೇ ಚಾಳಿ. ಅದಕ್ಕಾಗಿ ಮನೆಯೊಡತಿಯರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿರಲಿಲ್ಲ. ಎದುರುಮನೆಯವರು ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು.

ನೀರು ಕುಡಿದು ಉಬ್ಬಿದ್ದ ಮರದ ಬೀರುವನ್ನು ಎಲ್ಲರೂ ಸೇರಿ ಎಳೆದರು. ಹಿಂದೆ ಕೆಸರಿನ ಗೆರೆ ಹಾಗೇ ಇತ್ತು. ಆದರೆ ಯಾರೂ ಗೆರೆಯನ್ನು ನೋಡಲಿಲ್ಲ. ಅದರ ಮೇಲಿನಿಂದ ನೆಲದವರೆಗೆ, ಬೆರಳು ತೂರುವಷ್ಟು ಅಗಲಕ್ಕೆ ಗೋಡೆ ಬಿರುಕು ಬಿಟ್ಟಿತ್ತು. ಇಂಜಿನಿಯರ್ ಮೆಲ್ಲಗೆ ತಟ್ಟಿದರು. ಒಳಗಿನಿಂದ ಹಸಿ ಮಣ್ಣು ಉದುರಿತು.

"ಅಮ್ಮನ ಮಂಚ ಈಗಲೇ ಹೊರಗೆ ತನ್ನಿ. ಈ ಕೋಣೆಯಲ್ಲಿ ಯಾರೂ ಇರಬಾರದು."

ಬಣ್ಣದಣ್ಣ ಕೂಡಲೇ ಮಂಚ ಹೊರಗೆ ತಂದ. ಅಮ್ಮನನ್ನು ತಾನೇ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದ. ಮರುದಿನ ಮಧ್ಯಾಹ್ನ ಮಳೆ ಬಂತು. ಅಂಥ ಜೋರು ಮಳೆಯೇನಲ್ಲ. ಗೋಡೆ ಸದ್ದಿಲ್ಲದೆ ಕುಸಿದು ಕೂತಿತು, ಹೊಸ ಬಣ್ಣದ ಸಮೇತ, ಮಂಚ ಇದ್ದ ಜಾಗದ ಮೇಲೆ. ಸುದ್ದಿ ಕೇಳಿ ಅಮ್ಮ ಮಗನ ಮುಖ ನೋಡಿದರು. "ಸದ್ಯ, ನೀನು ಸೋಮಾರಿಯಾಗಿ ಹುಟ್ಟಿದ್ದು ಒಳ್ಳೇದಾಯ್ತು" ಎಂದರು.

ಸರ್ಕಾರದ ನೆರವು ಅವರ ಖಾತೆಗೆ ಬಂತು. ಕೂಡಲೇ ಅಲ್ಲ. ದರ್ಜಿ ಅಕ್ಕನ ಜೊತೆ ಕಚೇರಿಗೆ ಹೋಗಿ ಒಂದೆರಡು ಸಲ ಕೇಳಬೇಕಾಯಿತು. ಪೂರ್ತಿ ಗೋಡೆಗೆ ಅದು ಸಾಲಲಿಲ್ಲ ಎನ್ನುವುದೂ ನಿಜ. ಕೊರತೆಯನ್ನು ಬೀದಿ ತುಂಬಿತು. ಯಾರೋ ಇಟ್ಟಿಗೆ ಹೊತ್ತರು, ಯಾರೋ ಗಾರೆ ಕಲಸಿದರು. ಸಂಘದ ಹೆಂಗಸರು ಒಂದೇ ಒಲೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿದರು. ಬಣ್ಣದಣ್ಣ ತನ್ನ ಪಾಲಿಗೆ ಇಡೀ ಬೀದಿಗೆ ಬಣ್ಣ ಬಳಿದುಕೊಟ್ಟ, ಗೋಡೆಗಳೆಲ್ಲ ಚೆನ್ನಾಗಿ ಒಣಗಿದ ಮೇಲೆ, ಬೀರುಗಳನ್ನೆಲ್ಲ ಸರಿಸಿ. ತನ್ನ ಮನೆಯ ಬಾಗಿಲ ಪಕ್ಕ ಮಾತ್ರ, ಎದುರುಮನೆಗೆ ಬಣ್ಣ ಬಳಿಯುವ ಮೊದಲೇ ಅಲ್ಲಿನ ಗೆರೆಯ ಮಟ್ಟ ಅಳೆದಿಟ್ಟುಕೊಂಡು, ಎದೆಯೆತ್ತರಕ್ಕೆ ಒಂದು ಗೇಣುದ್ದದ ಕಂದು ಗೆರೆಯನ್ನು ತಾನೇ ಎಳೆದ. ಯಾಕೆಂದು ಕೇಳಿದವರಿಗೆ, "ಮರೆವು ಜಾಸ್ತಿ ನನಗೆ" ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಹೊಳೆ ನಿಮ್ಮ ಹೊಸ್ತಿಲನ್ನೂ ದಾಟಬಹುದು. ಮುಖ್ಯವಾದ ಕಾಗದಗಳನ್ನು ಇವತ್ತೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎತ್ತರದಲ್ಲಿಡಿ. ನೀರು ಇಳಿದ ಮೇಲೆ ಕೆಸರು ಬಾಚಲು ಅವಸರವಿದ್ದರೆ ಬಾಚಿ, ಆದರೆ ಮೊದಲು ಫೋಟೋ ತೆಗೆಯಿರಿ, ಹಾನಿಯನ್ನು ಕಚೇರಿಗೆ ತಿಳಿಸಿ, ನೋಡಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ನೆನೆದ ಗೋಡೆಯ ಪಕ್ಕ ಯಾರನ್ನೂ ಮಲಗಿಸಬೇಡಿ. ಪಕ್ಕದ ಮನೆಯವರು ನಾಚಿಕೆಯಿಂದ ಸುಮ್ಮನಿದ್ದರೆ ನೀವೇ ಹೋಗಿ ಬಾಗಿಲು ತಟ್ಟಿ. ಪೆಟ್ಟನ್ನು ತೋರಿಸುವುದು ಅವಮಾನವಲ್ಲ. ಬಣ್ಣ ನಾಳೆಯೂ ಬಳಿಯಬಹುದು.