ಬಿತ್ತಿನ ತೆನೆ

ಬಿದಿರಿನ ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತಿದ್ದಾಗ ಸಂಕಪ್ಪನ ಕಿಸೆಯಲ್ಲಿ ಫೋನು ಮತ್ತೆ ನಡುಗಿತು. ಹಗ್ಗದ ತುದಿಯನ್ನು ಪಕ್ಕದವರ ಕೈಗೆ ಕೊಟ್ಟು ಅವನು ಅಂಗಳದ ಮೂಲೆಗೆ ಸರಿದ.

"ಕೊಯ್ಯುವ ಮೆಷಿನ್ ಬಂತು," ಎಂದಳು ಹೆಂಡತಿ ಸರಸ. "ಮೋಡ ಕಟ್ತಾ ಉಂಟು. ಬಯಲಿನವರೆಲ್ಲ ಗಡಿಬಿಡಿ ಮಾಡ್ತಾರೆ. ನಮ್ಮ ಗದ್ದೆ ಕೊಯ್ಯದೆ ಅದಕ್ಕೆ ಒಳಗೆ ಹೋಗ್ಲಿಕ್ಕೆ ದಾರಿ ಇಲ್ಲವಲ್ಲ."

"ನೀನು ಬಿತ್ತಿಗೆ ತೆನೆ ಆರಿಸ್ಲಿಕ್ಕೆ ಶುರು ಮಾಡು."

"ಯಾವುದು ಕಯಮೆ ಭತ್ತ, ಯಾವುದು ಬೆರಕೆ ಅಂತ ನನಗೆ ಗೊತ್ತಾಗ್ಬೇಕಲ್ಲ ಮಾರಾಯ್ರೆ!"

ಚಾವಡಿಯಲ್ಲಿ ಸನತ್‌ಕುಮಾರರು ಬಿಳಿ ವಸ್ತ್ರ ಹೊದ್ದು ಮಲಗಿದ್ದರು. ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗದಲ್ಲಿದ್ದವರು. ಮಿಜಾರಿನ ಕಚೇರಿಯಲ್ಲಿ ಅವರಿಗೊಂದು ಮೇಜು, ಕುರ್ಚಿ ಇದ್ದದ್ದು ನಿಜ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಣ್ಣ ರೈತರು ಅವರನ್ನು ಕಂಡದ್ದು ತಮ್ಮ ತಮ್ಮ ಗದ್ದೆಯ ಬದುವಿನಲ್ಲಿ. ಇಂದು ಬೆಳಿಗ್ಗೆ ವೇಣೂರಿನ ಬಸದಿಗೆಂದು ಹೊರಟವರು ಮನೆಯ ಮೆಟ್ಟಿಲಲ್ಲಿ ಕುಳಿತರು, ಮತ್ತೆ ಏಳಲಿಲ್ಲ. ಹೊತ್ತು ಮುಳುಗುವ ಮೊದಲು ಸಂಸ್ಕಾರ ಮುಗಿಯಬೇಕೆಂದು ಅವರ ತಮ್ಮ ಶಶಿರಾಜ್ ಅವಸರಪಡಿಸುತ್ತಿದ್ದ.

ಹೆಣ ಮುಟ್ಟಿದವನು, ಹೊತ್ತವನು, ಮಿಂದು ಬಂದರೂ ಅಂದು ಬಿತ್ತಿನ ತೆನೆ ಮುಟ್ಟಬಾರದು. ಸಂಕಪ್ಪನ ಮನೆತನದ ಕಟ್ಟಳೆ ಅದು. ಅಪ್ಪ ಮೀರಿರಲಿಲ್ಲ, ಅವನೂ ಮೀರಿದವನಲ್ಲ. ಹೆಗಲು ಕೊಟ್ಟರೆ ಬಿತ್ತು ಹೋಯಿತು. ಗದ್ದೆಗೆ ಹೋದರೆ ಸಾರ್ ಅವನ ಹೆಗಲಿಲ್ಲದೆ ಹೋಗುತ್ತಾರೆ.

"ಎಂತ ಸಂಕಪ್ಪ," ನೆರೆಮನೆಯ ಹುಕ್ರಪ್ಪ ಎಲ್ಲರಿಗೂ ಕೇಳುವಂತೆ ಕೇಳಿದ. "ಅವರ ಬೈಕಿನ ಹಿಂದೆ ಕೂತು ಊರೆಲ್ಲ ತಿರುಗುವಾಗ ಫೋನು ಬರ್ತಿರಲಿಲ್ಲ. ಹೊರುವ ಹೊತ್ತಿಗೆ ಬಂತಾ?"

ಸಂಕಪ್ಪ ಫೋನನ್ನು ಕಿಸೆಗೆ ತುರುಕಿ ಮತ್ತೆ ಹಗ್ಗ ಹಿಡಿದ.

*

ಸಾರ್ ಮೊದಲ ಸಲ ಗದ್ದೆಗಿಳಿದು ತೆನೆ ಕೊಯ್ದಾಗ ಸಂಕಪ್ಪನಿಗೆ ನಗು ತಡೆಯಲಾಗಿರಲಿಲ್ಲ. ಕತ್ತಿ ಹಾಕುವ ಮೊದಲು ಅವರು ಒಂದೊಂದು ತೆನೆಯನ್ನೂ ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಅದರಲ್ಲಿದ್ದ ಹುಳವೋ ಮಿಡತೆಯೋ ಹಾರಿಹೋಗುವ ತನಕ ಕಾಯುತ್ತಿದ್ದರು.

"ಎಂತ ಸಾರ್, ಅವಕ್ಕೆ ನೋಟಿಸ್ ಕೊಡುವುದಾ?"

"ಮತ್ತೆ? ಮನೆ ಖಾಲಿ ಮಾಡಿಸುವಾಗ ಒಂದು ಮಾತು ಹೇಳ್ಬೇಡವಾ ಮಾರಾಯ?"

"ಹೀಗೆ ಕೊಯ್ದರೆ ಮುಂದಿನ ಮಳೆಗಾಲಕ್ಕೆ ಮುಗಿದೀತು."

"ಬಿತ್ತಿನದ್ದು ಮಾತ್ರ ನಾವು ಕೊಯ್ಯುವ. ಉಳಿದದ್ದು ಮೆಷಿನಿಗೆ ಬಿಡುವ."

ಮೆಷಿನಿನ ಹೊಟ್ಟೆಯಲ್ಲಿ ಹಿಂದಿನ ಗದ್ದೆಯ ಭತ್ತ ಉಳಿದಿರುತ್ತದೆ, ಅದನ್ನು ಬಿತ್ತಿದರೆ ತಳಿ ಕೆಡುತ್ತದೆ ಎಂದು ಅವರು ಹೇಳಿಕೊಟ್ಟಿದ್ದರು. ನಿಂತ ಪೈರಿನಲ್ಲಿ ಹಳೆಯ ಕೆಂಪು ಕಯಮೆಯನ್ನು ಬೇರೆಯದರಿಂದ ಗುರುತಿಸುವುದನ್ನು ಕಲಿಸಿದ್ದೂ ಅವರೇ. ಎಲ್ಲಿಂದಲೋ ಬೊಗಸೆಯಷ್ಟು ತಂದು, ಕೆಲವು ರೈತರ ಕೈಗೆ ಹಂಚಿ ಬೆಳೆಸಿದ ತಳಿ ಅದು. ಈ ವರ್ಷ ಪಾಣೆಮಂಗಳೂರಿನದ್ದನ್ನು ನೇತ್ರಾವತಿಯ ನೆರೆ ನುಂಗಿತು. ಬೆಳ್ತಂಗಡಿ ಕಡೆಯದ್ದನ್ನು ಹಂದಿಗಳು ಮಗುಚಿದವು.

ಕಳೆದ ವಾರ ಸಾರ್ ಬದುವಿನಲ್ಲಿ ನಿಂತು ಬಹಳ ಹೊತ್ತು ಪೈರು ನೋಡಿದ್ದರು. "ಸಂಕಪ್ಪ, ಇನ್ನು ಇದೊಂದೇ ಉಳಿದದ್ದು. ಮೆಷಿನ್ ಬರುವ ದಿನ ನಾನೂ ಬರ್ತೇನೆ. ಒಟ್ಟಿಗೆ ಕೊಯ್ಯುವ."

*

"ಸಂಕಪ್ಪಣ್ಣ, ಒಮ್ಮೆ ಒಳಗೆ ಬನ್ನಿ."

ರಾಜೀವಿಯಕ್ಕ ಗಂಡನ ತಲೆಯ ಬಳಿ ಕುಳಿತಿದ್ದರು. ಅತ್ತು ಅತ್ತು ಸ್ವರ ಉಡುಗಿತ್ತು.

"ಮೆಷಿನ್ ಬಂತಾ?"

ಅವನು ಕಿಸೆಯ ಫೋನನ್ನು ಒತ್ತಿ ಹಿಡಿದ.

"ಇವತ್ತು ಅಂತ ನನಗೆ ಗೊತ್ತುಂಟು. ಬಸದಿಯಿಂದ ಬಂದು ಹೊರಡುವುದಂತ ನಿನ್ನೆಯೇ ಗದ್ದೆಯ ಅಂಗಿ ತೆಗೆದಿಡಿಸಿದ್ದರು."

ಕುರ್ಚಿಯ ಮೇಲೆ ಆ ಅಂಗಿ ಮಡಚಿಟ್ಟ ಹಾಗೆಯೇ ಇತ್ತು. ಅದರ ತೋಳುಗಳಲ್ಲಿ ಒಗೆದರೂ ಹೋಗದ ಕೆಸರಿನ ಕಲೆ. ಸಂಕಪ್ಪನಿಗೆ ತಡೆಯಲಾಗಲಿಲ್ಲ. ಬಿಕ್ಕುತ್ತಾ ಸಾರ್ ಕಾಲಿಗೆ ಬಾಗಿದ. ರಾಜೀವಿಯಕ್ಕ ಥಟ್ಟನೆ ಕೈ ಅಡ್ಡ ಹಿಡಿದರು.

"ಮುಟ್ಟಬೇಡಿ! ಮುಟ್ಟಿದರೆ ಮತ್ತೆ ತೆನೆ ಮುಟ್ಟುವುದು ಹೇಗೆ?"

"ಅಕ್ಕಾ, ಹೆಗಲು..."

"ಹೆಗಲಿಗೆ ಜನ ಉಂಟು. ನೀವು ಹೋಗಿ."

ನೆಲಕ್ಕೆ ಹಣೆ ಹಚ್ಚಿ ಅವನು ಎದ್ದ. ಅಂಗಳ ದಾಟುವಾಗ ಹುಕ್ರಪ್ಪನ ಮಾತು ಬೆನ್ನಿಗೆ ಬಿತ್ತು: "ಹೋದ ನೋಡಿ! ಭತ್ತ ದೊಡ್ಡದಾಯ್ತು ಅವನಿಗೆ."

ಗದ್ದೆಯಲ್ಲಿ ಘಟ್ಟದ ಮೇಲಿನ ಡ್ರೈವರ್ ಸಿಡುಕುತ್ತಿದ್ದ. "ಇನ್ನೂ ಎಷ್ಟೊತ್ರೀ ಕಾಯೋದು? ಮಳೆ ಬಂದ್ರೆ ನನ್ನ ಕೇಳ್ಬೇಡಿ."

"ಒಂದು ಚಾ ಕುಡಿಯಿರಿ, ಆಗ್ತದೆ," ಎಂದು ಸರಸ ಲೋಟ ಮುಂದೆ ಹಿಡಿದಳು.

ಸಂಕಪ್ಪ ಮಿಂದು ಬಂದು ಪೈರಿನೊಳಗೆ ಇಳಿದ. ತೆನೆ ಹಿಡಿದ, ಅಲ್ಲಾಡಿಸಿದ, ಕಾದ, ಕೊಯ್ದ.

"ಬೇಗ ಕೊಯ್ಯುವುದು ಬಿಟ್ಟು ಎಂತ ಅದನ್ನು ಮುದ್ದು ಮಾಡುವುದು?" ಎಂದಳು ಸರಸ.

"ನೋಟಿಸ್ ಕೊಡ್ಬೇಕಲ್ಲ," ಎಂದ. ಅವನು ಕೊಯ್ದುಕೊಟ್ಟದ್ದನ್ನು ಸರಸ ಒಂದೊಂದಾಗಿ ಜೋಡಿಸಿದಳು.

ತೆನೆಗಳಿಗೆ ಬೈಹುಲ್ಲಿನ ಕಟ್ಟು ಹಾಕುವ ಹೊತ್ತಿಗೆ ರಸ್ತೆಯ ತಿರುವಿನಿಂದ ಪಂಚನಮಸ್ಕಾರ ಮಂತ್ರ ಕೇಳಿಸಿತು. ಫಲ್ಗುಣಿ ಹೊಳೆಯ ದಡದ ಸ್ಮಶಾನಕ್ಕೆ ಆ ಗದ್ದೆಯನ್ನು ಹಾದೇ ಹೋಗಬೇಕು. ಮೆಷಿನ್ ಏರಿ ಕುಳಿತಿದ್ದ ಡ್ರೈವರ್ ಚಟ್ಟ ಬರುವುದನ್ನು ಕಂಡು ಎಂಜಿನ್ ನಿಲ್ಲಿಸಿದ.

ಚಟ್ಟದ ಮುಂದಿನ ತುದಿಯಲ್ಲಿ ಶಶಿರಾಜ್, ಅವನ ಜೊತೆಗೆ ಹುಕ್ರಪ್ಪ. ಸಂಕಪ್ಪ ತೆನೆಯ ಕಟ್ಟನ್ನು ಎತ್ತಿ ಬಲ ಹೆಗಲಿಗಿಟ್ಟುಕೊಂಡ. ಬದು ಹತ್ತಿ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ರಸ್ತೆಗೆ ಸಮನಾಗಿ ಬದುವಿನಲ್ಲೇ ನಡೆದ. ಒಂದು ಕಡೆ ಅವರು ನಿಂತು ಹೆಗಲು ಬದಲಾಯಿಸಿದರು. ಬದುವಿನ ಮೇಲೆ ಸಂಕಪ್ಪನೂ ನಿಂತು ಕಟ್ಟನ್ನು ಎಡ ಹೆಗಲಿಗೆ ದಾಟಿಸಿದ. ಹುಕ್ರಪ್ಪ ಅದನ್ನು ಕಂಡ. ತಲೆಯ ಮುಂಡಾಸನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಬದು ಮುಗಿಯಿತು. ಚಟ್ಟ ಮುಂದೆ ಹೋಯಿತು. ಕಟ್ಟಿನೊಳಗೆ ಹೇಗೋ ಉಳಿದಿದ್ದ ಒಂದು ಮಿಡತೆ ಹೊರಬಂದು ಸಂಕಪ್ಪನ ಕುತ್ತಿಗೆಗೆ ಹತ್ತಿತು. ಅದು ತಾನಾಗಿ ಹಾರುವ ತನಕ ಅವನು ಅಲುಗಾಡದೆ ನಿಂತ.