ಬಾಗಿಲ ಮರೆಯ ಲವರ್ನ್

ಅಮೆರಿಕದ ವಾಬಾಶ್ ನದಿಯ ದಡದ ಡನ್‌ಮೋರ್ ಊರಿನಲ್ಲಿ ಕೌಂಟಿಯ ನ್ಯಾಯಾಲಯವಿದ್ದುದರಿಂದ ಲವರ್ನ್‌ಳ ಊಟದಂಗಡಿಗೆ ಗಿರಾಕಿಗಳ ಕೊರತೆ ಇರಲಿಲ್ಲ. ವಕೀಲರು, ಸಾಕ್ಷಿಗಳು, ತೆರಿಗೆ ಕಟ್ಟಲು ಬಂದ ರೈತರು, ಎಲ್ಲರೂ ಚೌಕ ದಾಟಿ ಅವಳಲ್ಲಿಗೇ ಬರುತ್ತಿದ್ದರು. ಆದರೆ ಆ ಕಟ್ಟಡದಿಂದ ಒಂದು ಉಪದ್ರವವೂ ಇತ್ತು. ಕೇಸು ಕೇಳಿ ತೀರ್ಪು ಹೇಳುವ ಊರವರ ಮಂಡಳಿಗೆ, ಅಂದರೆ ಜ್ಯೂರಿಗೆ, ಜನ ಸಾಲದ ದಿನ ನ್ಯಾಯಾಧೀಶರು ಶೆರಿಫ್‌ನ ಸಹಾಯಕನನ್ನು ಬೀದಿಗೆ ಅಟ್ಟುತ್ತಿದ್ದರು; ಅವನ ಕಣ್ಣಿಗೆ ಬಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಲೇಬೇಕು.

ಆ ಶುಕ್ರವಾರ ಸಹಾಯಕ ಡ್ಯಾರಿಲ್ ಚೌಕ ದಾಟುವುದು ಕಿಟಕಿಯಲ್ಲಿ ಕಂಡಿತು. ಮೀನೂಟದ ದಿನ, ವಾರದ ವ್ಯಾಪಾರವೆಲ್ಲ ಅಂದೇ. ಲವರ್ನ್ ಅಡುಗೆಮನೆಗೆ ನುಗ್ಗಿ ಬಾಗಿಲ ಮರೆಯಲ್ಲಿ ನಿಂತಳು.

ಊಟದ ಹೊತ್ತು ಇನ್ನೂ ಆಗಿರಲಿಲ್ಲ; ಹೊರಗೆ ಮೇಜಿನ ಬಳಿ ಕಾಫಿ ಕುಡಿಯುತ್ತಿದ್ದವನು ಮುದಿ ಬಡಗಿ ಒರಿನ್ ಒಬ್ಬನೇ. ಅವನ ಹೆಂಡತಿ ನೀವಾ ಸೇತುವೆಯಾಚೆಯ ವೃದ್ಧರ ಆರೈಕೆ ಮನೆಯಲ್ಲಿದ್ದಳು. ನೆನಪು ಮಸುಕಾದ ಅವಳು ಒರಿನ್‌ನ ಕೈತುತ್ತಿಗಲ್ಲದೆ ಬಾಯಿ ತೆರೆಯಳು; ಅವನು ದಿನವೂ ಮಧ್ಯಾಹ್ನ ಹೋಗಿ ಉಣಿಸಿ ಬರುತ್ತಿದ್ದ. ಲವರ್ನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಊರಿಗೆ ಹೊಸಬನಾದ ಡ್ಯಾರಿಲ್‌ಗೆ ಗೊತ್ತಿರಲಿಲ್ಲ.

“ಲವರ್ನ್ ಎಲ್ಲಿ ಯಜಮಾನ್ರೇ? ಇನ್ನೊಬ್ರು ಸಿಕ್ರೆ ಸಾಕು ನಂಗೆ,” ಎನ್ನುತ್ತಾ ಡ್ಯಾರಿಲ್ ಅಂಗಡಿಯೊಳಗೆ ಬಂದ.

“ತಂಗಿ ಮನೆಗೆ ಹೋಗಿದಾಳಪ್ಪ,” ಎಂದ ಒರಿನ್.

“ಒಳಗೆ ಮೀನು ಹುರಿಯೋ ಸದ್ದು ಬರ್ತಿದೆ! ತಂಗಿ ಮನೆಯಿಂದ್ಲೇ ಮಗುಚಿ ಹಾಕ್ತಾಳಾ?”

“ನಾನು ನೋಡ್ಕೋತಿದೀನಿ.”

“ಹಾಗಾದ್ರೆ ಒಲೆ ಆರಿಸಿ, ನೀವೇ ಬನ್ನಿ. ಏನಾದ್ರೂ ಅಡಚಣೆ ಇದ್ಯಾ?”

ಅಡಚಣೆ ಇದೆಯೆಂದರೆ ಡ್ಯಾರಿಲ್ ಲವರ್ನ್‌ಳನ್ನು ಹುಡುಕಿಕೊಂಡು ಅಡುಗೆಮನೆಗೇ ಕಾಲಿಡುತ್ತಿದ್ದ. “ಏನಿಲ್ಲ ಬಿಡು,” ಎಂದು ಒರಿನ್ ಒಳಬಂದು ಒಲೆ ಆರಿಸಿದ. ಲವರ್ನ್ ಅವನ ಕೈಗೆಟಕುವಷ್ಟು ಹತ್ತಿರದಲ್ಲಿದ್ದಳು. ಅವನು ಅವಳನ್ನೊಮ್ಮೆ ನೋಡಿದ. ‘ನಾನೇ ಹೋಗ್ತೀನಿ’ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಒರಿನ್ ಟೋಪಿ ಹಾಕಿಕೊಂಡು ಹೊರಟುಹೋದ.

ಅವಳು ಮತ್ತೆ ಒಲೆ ಹೊತ್ತಿಸಿದಳು. ಅಂಗಡಿ ತುಂಬಿತು. ಆರೈಕೆ ಮನೆಯಲ್ಲಿ ದಾದಿಯರಿದ್ದಾರಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಲೇ ಕೊನೆಯ ಗಿರಾಕಿಯವರೆಗೂ ಬಡಿಸಿದಳು. ಆಮೇಲೆ ಬಾಗಿಲು ಹಾಕಿ ಸೇತುವೆ ದಾಟಿದಳು.

ನೀವಾಳ ಮುಂದೆ ಆಲೂಗಡ್ಡೆಯ ಸಾರು ಆರಿ ಕೆನೆಗಟ್ಟಿತ್ತು. ಲವರ್ನ್ ಚಮಚ ಎತ್ತಿದಳು. ನೀವಾ ತುಟಿ ಬಿಗಿದು, ಬಾಗಿಲನ್ನೇ ನೋಡುತ್ತಾ, “ಒರಿನ್ ಬೇಜಾರು ಮಾಡ್ಕೊಂಡಿದಾನಾ ನನ್ಮೇಲೆ?” ಎಂದಳು.

“ಇಲ್ಲಮ್ಮ, ತಪ್ಪು ನಂದು,” ಎಂದಳು ಲವರ್ನ್. ಅದು ನೀವಾಗೆ ಅರ್ಥವಾಗಲಿಲ್ಲ.

ಸಂಜೆ ಒರಿನ್ ಬಂದ. “ತಿಂದ್ಲಾ?”

“ಇಲ್ಲ. ಬೈದ್ಬಿಡಿ ಒರಿನ್.”

ಒರಿನ್ ಸಾರು ಬಿಸಿ ಮಾಡಿಸಿ ತಂದು, ಹೆಂಡತಿಯ ಪಕ್ಕ ಕೂತ. ನೀವಾ ತಟಕ್ಕನೆ ಬಾಯಿ ತೆರೆದಳು. “ಕೇಸು ಸೋಮವಾರಾನೂ ಇದೆಯಂತೆ,” ಎಂದ, ತಿರುಗಿ ನೋಡದೆ.

“ನಾನು ಬಚ್ಚಿಟ್ಕೊಂಡಿದ್ದೆ ಅಂತ ಜಡ್ಜ್ ಮುಂದೆ ಹೇಳ್ತೀನಿ. ನಿಮ್ಮನ್ನ ಬಿಟ್ಟಾರು. ಊರವ್ರೆಲ್ಲ ಅಲ್ಲೇ ಇರ್ತಾರೆ, ಆದ್ರೂ ಹೇಳ್ತೀನಿ.”

“ಹೇಳು,” ಎಂದ ಒರಿನ್.

‘ಬೇಡ ಬಿಡು’ ಎಂದು ಅವನು ಹೇಳಲಿ ಎಂದೇ ತಾನು ಕಾಯುತ್ತಿದ್ದೆನೆಂಬುದು ಲವರ್ನ್‌ಗೆ ತಿಳಿದದ್ದು ಆಗಲೇ. ಅವಳು ತಲೆ ತಗ್ಗಿಸಿದಳು.